ಪೈಲಟ್ ತರಬೇತಿ: ಫೀಸು ನೋಡಬೇಡಿ, ಮೊದಲ ಸಂಬಳದ ತನಕ ಲೆಕ್ಕ ಹಾಕಿ

ಮಗನನ್ನೋ ಮಗಳನ್ನೋ ಪೈಲಟ್ ಮಾಡಿಸಬೇಕು ಅಂತ ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಎರಡು ಮೂರು ಶಾಲೆಗಳ ಕೊಟೇಶನ್ ತಂದಿರುತ್ತಾರೆ. ‘ಯಾವುದು ಕಡಿಮೆ ಹೇಳಿ’ ಅನ್ನುತ್ತಾರೆ. ಆ ಕಾಗದದಲ್ಲಿ ಇರುವುದು ಲೈಸೆನ್ಸ್ ತನಕದ ಖರ್ಚು. ನಮಗೆ ಬೇಕಾದ್ದು ಮೊದಲ ಸಂಬಳ ಬರುವ ದಿನದ ತನಕದ ಖರ್ಚು.

ದುಡ್ಡು ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಬಣ್ಣ ಗುರುತಿಸುವ ತೊಂದರೆ ಇದ್ದರೆ ಇಲ್ಲೇ ಗೊತ್ತಾಗುತ್ತೆ. ಇದಕ್ಕೆ ಹೋಗುವುದು ಸಾವಿರಗಳು, ಲಕ್ಷಗಳಲ್ಲ.

ಈಗ ದಾರಿಗಳು. ಭಾರತದಲ್ಲೇ ಕಲಿತರೆ ಡಿಜಿಸಿಎ ನಿಯಮದಂತೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ. ಆ 100ರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ 6 ತಿಂಗಳೊಳಗೆ ಆಗಿರಬೇಕು. ಹಾಗಾಗಿ ದುಡ್ಡು ಮುಗಿದು ಮಧ್ಯದಲ್ಲಿ ನಿಂತರೆ ಮತ್ತೆ ಹಾರಬೇಕಾಗಬಹುದು, ಮತ್ತೆ ಖರ್ಚು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆ ಇದೆ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರದ್ದಿದೆ. ಉಳಿದವು ಹೆಚ್ಚಾಗಿ ಖಾಸಗಿ. ಎಲ್ಲಿ ಹೋದರೂ ಫೀಸಿಗಿಂತ ಮುಂಚೆ ಕೇಳಿ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹಿಂದಿನ ಬ್ಯಾಚ್ ಮುಗಿಸಲು ಎಷ್ಟು ತಿಂಗಳು ಹಿಡಿಯಿತು?

ಯಾಕೆ ಅಂದ್ರೆ ಈ ಲೆಕ್ಕ ನೋಡಿ. 40 ಲಕ್ಷ ಸಾಲ, ಶೇಕಡ 11 ಬಡ್ಡಿ ಅಂತ ಹಿಡಿಯೋಣ. ಪೂರ್ತಿ ಹಣ ತೆಗೆದ ಮೇಲೆ ತಿಂಗಳಿಗೆ ಬಡ್ಡಿಯೇ ಸುಮಾರು 36,700 ರೂಪಾಯಿ. 2 ಲಕ್ಷ ಕಡಿಮೆ ಹೇಳಿದ ಶಾಲೆ 6 ತಿಂಗಳು ತಡಮಾಡಿದರೆ ಬಡ್ಡಿ 2.2 ಲಕ್ಷ, ಹಾಸ್ಟೆಲ್ ಬೇರೆ. ಅಗ್ಗದ್ದೇ ದುಬಾರಿ ಆಯ್ತು.

ಅಮೆರಿಕದಲ್ಲಿ ಹವಾಮಾನ ಒಳ್ಳೆಯ ಜಾಗ ಆರಿಸಿಕೊಂಡರೆ ಬೇಗ ಮುಗಿಯುತ್ತೆ, ನಿಜ. ಆದರೆ ಅಲ್ಲಿ ‘ಪಾರ್ಟ್ 141’ ಶಾಲೆಯಲ್ಲಿ 190 ಗಂಟೆಗೇ ಕಮರ್ಷಿಯಲ್ ಲೈಸೆನ್ಸ್ ಸಿಗಬಹುದು. ನಮ್ಮಲ್ಲಿ 200 ಬೇಕು. ಉಳಿದ 10 ಗಂಟೆಯನ್ನು ಕೊಟೇಶನ್‌ನಲ್ಲಿ ಸೇರಿಸಿದ್ದಾರಾ ಕೇಳಿ. ಎಂ-1 ವೀಸಾದಲ್ಲಿ ಓದುವಾಗ ದುಡಿಯುವಂತಿಲ್ಲ. ಊರಿಗೆ ಬಂದ ಮೇಲೆ ಡಿಜಿಸಿಎ ಪರೀಕ್ಷೆ, ರೇಡಿಯೋ ಪರೀಕ್ಷೆ, ಇಲ್ಲಿ ಮತ್ತೆ ಹಾರಿಸಿ ತೋರಿಸುವುದು: ಇದಕ್ಕೆಲ್ಲ ಪ್ರತ್ಯೇಕ ದುಡ್ಡು, ಪ್ರತ್ಯೇಕ ತಿಂಗಳುಗಳು. ಇನ್ನು ಡಾಲರ್ ವಿಷಯ. ಯುಎಇ ದಿರಾಂ 1997ರಿಂದ ಡಾಲರಿಗೆ 3.67ರ ಹತ್ತಿರ ಕಟ್ಟಿಹಾಕಿದೆ, ಹಾಗಾಗಿ ಇಲ್ಲಿನ ಉಳಿತಾಯದಿಂದ ಫೀಸು ಕಟ್ಟಿದರೆ ಏರಿಳಿತದ ಭಯ ಇಲ್ಲ. ರೂಪಾಯಿ ಸಾಲದಿಂದ ಕಟ್ಟಿದರೆ ಇದೆ: 2014ರಲ್ಲಿ 60ರ ಆಸುಪಾಸಿನಲ್ಲಿದ್ದ ಡಾಲರ್ 2024ರ ಕೊನೆಗೆ 85 ದಾಟಿತು.

ಮೂರನೆಯದು ವಿಮಾನ ಕಂಪನಿಗಳ ಕೆಡೆಟ್ ದಾರಿ. ನೋಡಲು ಎಲ್ಲಕ್ಕಿಂತ ದುಬಾರಿ. ಆದರೆ ಅದರಲ್ಲಿ ಹೆಚ್ಚಾಗಿ ಟೈಪ್ ರೇಟಿಂಗ್ ಸೇರಿರುತ್ತೆ, ಅಂದರೆ ಏರ್‌ಬಸ್ 320 ಥರದ ಒಂದು ನಿರ್ದಿಷ್ಟ ವಿಮಾನ ನಡೆಸುವ ತರಬೇತಿ. ಬೇರೆ ದಾರಿಯಲ್ಲಿ ಹೋದವರು ಇದಕ್ಕೇ ಮತ್ತೆ ಹತ್ತು ಲಕ್ಷದ ಮೇಲೆ ಇಟ್ಟುಕೊಂಡಿರಬೇಕು. ಅದನ್ನು ಕೂಡಿಸದೆ ಹೋಲಿಸಿದರೆ ಹೋಲಿಕೆಯೇ ತಪ್ಪು. ಕೆಡೆಟ್ ಕರಾರಿನಲ್ಲಿ ಕೆಲಸ ‘ಖಚಿತ’ ಅಂತ ಇದೆಯೋ, ‘ಷರತ್ತಿಗೆ ಒಳಪಟ್ಟು’ ಅಂತ ಇದೆಯೋ, ಎರಡು ಸಲ ಓದಿ.

ಗ್ರಾಚ್ಯುಟಿ ಬರುತ್ತಲ್ಲ ಅಂತ ಹಲವರು ಹೇಳ್ತಾರೆ. ಬೇಸಿಕ್ 2,000 ದಿರಾಂ, 14 ವರ್ಷ ಸರ್ವೀಸ್ ಅಂದ್ರೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 7,000, ಉಳಿದ 9 ವರ್ಷಕ್ಕೆ 30 ದಿನದಂತೆ 18,000. ಒಟ್ಟು 25,000. ದಿರಾಂಗೆ 23 ರೂಪಾಯಿ ಹಿಡಿದರೆ 5.75 ಲಕ್ಷ. ಅದೇ 40 ಲಕ್ಷ ಸಾಲಕ್ಕೆ 10 ವರ್ಷದ ಕಂತು ತಿಂಗಳಿಗೆ ಸುಮಾರು 55,000 ರೂಪಾಯಿ. ಆ ಬೇಸಿಕ್ ಸಂಬಳ 46,000. ಮಗುವಿಗೆ ಕೆಲಸ ಸಿಗುವುದು ಒಂದು ವರ್ಷ ತಡವಾದರೆ ಕಂತು ಕಟ್ಟುವವರು ಯಾರು ಅನ್ನೋದನ್ನ ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. ನಾನಾಗಿದ್ದರೆ ಇದಕ್ಕೆ ಉತ್ತರ ಸಿಗುವ ತನಕ ಮನೆ ಪತ್ರ ಬ್ಯಾಂಕಿಗೆ ಕೊಡಲ್ಲ.

ಸೇರಿಸುವುದು ಅಂತ ತೀರ್ಮಾನವಾದರೆ, ಆ ಶಾಲೆ ಡಿಜಿಸಿಎ ಪಟ್ಟಿಯಲ್ಲಿದೆಯಾ ನೋಡಿ. ಪೂರ್ತಿ ಫೀಸು ಒಟ್ಟಿಗೆ ಬೇಡ, ಹಾರಿದ ಗಂಟೆಗೆ ತಕ್ಕಂತೆ ಕಂತು ಕೇಳಿ. ದುಡ್ಡು ಶಾಲೆಯ ಖಾತೆಗೇ ಹೋಗಲಿ, ಏಜೆಂಟ್ ಖಾತೆಗೆ ಬೇಡ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅನ್ನುವುದನ್ನು ಸಹಿ ಮಾಡುವ ಮುಂಚೆ ಬರಹದಲ್ಲಿ ತಗೊಳ್ಳಿ.