ಗುದ್ದುವ ಮುನ್ನ ನಿಲ್ಲುವುದು

ಬಾಕ್ಸಿಂಗ್ ಕಲಿಯಹೊರಟ ತರುಣನು ಮೊದಲು ಕೇಳುವ ಪ್ರಶ್ನೆ, ಬಲವಾಗಿ ಗುದ್ದುವುದು ಹೇಗೆ ಎಂಬುದು. ಗುದ್ದಿನ ಬಲವೆಲ್ಲ ತೋಳಿನಲ್ಲಿದೆಯೆಂದು ಅವನ ನಂಬಿಕೆ. ಸೊರಬದ ರೈತನೊಬ್ಬನು ಕೆಸರಿನಲ್ಲಿ ಹೂತ ಗಾಡಿಯನ್ನು ನೂಕುವುದನ್ನು ನಾವು ಗಮನಿಸೋಣ. ಕಾಲಿಗೆ ಗಟ್ಟಿ ನೆಲ ಸಿಕ್ಕದ ಹೊರತು ಅವನ ತೋಳ್ಬಲವು ವ್ಯರ್ಥ.

ಗುದ್ದೂ ಹಾಗೆಯೇ. ಹಿಂದಿನ ಪಾದವು ನೆಲವನ್ನು ಒತ್ತಿದಾಗ ನೆಲವೂ ಅಷ್ಟೇ ಬಲದಿಂದ ದೇಹವನ್ನು ಮುಂದೊತ್ತುತ್ತದೆ. ಸೊಂಟವೂ ಭುಜವೂ ತಿರುಗಿ ಆ ಬಲವನ್ನು ಮುಷ್ಟಿಗೆ ಮುಟ್ಟಿಸುತ್ತವೆ. ಆದುದರಿಂದ ಬಲಗೈ ರೂಢಿಯವನು ಎಡಗಾಲನ್ನು ಮುಂದಿಟ್ಟು, ಪಾದಗಳನ್ನು ಭುಜಗಳಷ್ಟು ಅಗಲಿಸಿ, ಮಂಡಿಗಳನ್ನು ತುಸು ಬಾಗಿಸಿ ನಿಲ್ಲಬೇಕು. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಎರಡು ಪಾದಗಳ ನಡುವೆಯೇ ಬೀಳಬೇಕು. ಮುಷ್ಟಿಗಳು ಕೆನ್ನೆಯ ಬಳಿಯಿರಲಿ, ಗದ್ದವು ತಗ್ಗಿರಲಿ.

ಮುಷ್ಟಿಕಾಳಗವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯೊಬ್ಬನ ತಲೆಯಿಂದ ನೆತ್ತರು ಒಸರಿದೊಡನೆ ಪಂದ್ಯವು ಮುಗಿಯುತ್ತದೆ. ಬಾಕ್ಸಿಂಗಿನಲ್ಲಿಯಾದರೋ, 1867ರ ಕ್ವೀನ್ಸ್‌ಬೆರಿ ನಿಯಮಗಳು ಮೆತ್ತೆಯ ಕೈಗವಸನ್ನು ವಿಧಿಸಿದವು. ಮೆತ್ತೆಯು ಪೆಟ್ಟು ತಾಗುವ ಕಾಲವನ್ನು ಹೆಚ್ಚಿಸುತ್ತದೆ. ಕಾಲವು ಇಮ್ಮಡಿಯಾದರೆ ಸರಾಸರಿ ಬಲವು ಅರ್ಧವಾಗುತ್ತದೆ. ಇದರಿಂದ ಚರ್ಮಕ್ಕೂ ಮೂಳೆಗೂ ರಕ್ಷಣೆಯುಂಟು. ಆದರೆ ತಲೆಗೆ ದೊರೆಯುವ ಸಂವೇಗವು ಹೆಚ್ಚೇನೂ ತಗ್ಗುವುದಿಲ್ಲ. ತಲೆಯು ತಟ್ಟನೆ ತಿರುಗಿದಾಗ ಒಳಗಿನ ಮಿದುಳು ಹಿಂದುಳಿದು ಜಗ್ಗುತ್ತದೆ. ನೆತ್ತರು ಕಾಣದ ಈ ಪೆಟ್ಟನ್ನು ನಾವು ಪೆಟ್ಟೆಂದೇ ಎಣಿಸುವುದಿಲ್ಲ, ಅಪಾಯವಿರುವುದು ಅಲ್ಲಿಯೇ.

ಆದುದರಿಂದ ಹೊಸಬನು ಮೊದಲ ತಿಂಗಳುಗಳಲ್ಲಿ ನಿಲುವು, ಹೆಜ್ಜೆ, ಮರಳಿನ ಚೀಲ ಇಷ್ಟರಿಂದಲೇ ತೃಪ್ತನಾಗಲಿ. ಮುಂದೆ ಎಂದಾದರೂ ತಲೆಗೆ ಪೆಟ್ಟು ಬಿದ್ದ ತರುವಾಯ ತಲೆ ಸುತ್ತಿದರೆ, ವಾಂತಿಯಾದರೆ, ಮರೆವು ತೋರಿದರೆ ಒಡನೆಯೇ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.