ಸಫೊಕ್ ಪಂಚ್ ಎಂಬ ಉಳುವ ಕುದುರೆಯ ಲಕ್ಷಣಗಳು

ಬೇಸಾಯದ ಪ್ರಾಣಿಯ ಬೆಲೆಯು ಅದರ ಅಂದದಲ್ಲಿಲ್ಲ. ತನ್ನ ನೆಲದಲ್ಲಿ ಎಷ್ಟು ಕೆಲಸವನ್ನು, ಎಷ್ಟು ಕಾಲ, ಎಷ್ಟು ಮೇವಿನಿಂದ ಮಾಡಬಲ್ಲದೆಂಬುದರಲ್ಲಿದೆ. ಮೈಸೂರು ಸೀಮೆಯಲ್ಲಿ ಉಳುಮೆಗೆ ಎತ್ತು ಹೇಗೆ ಆಧಾರವಾಗಿ ಬಂದಿತೋ, ಇಂಗ್ಲೆಂಡಿನ ಪೂರ್ವಭಾಗದ ಸಫೊಕ್ ಪ್ರಾಂತದಲ್ಲಿ ಕುದುರೆಯು ಹಾಗೆ ಆಧಾರವಾಗಿದ್ದಿತು. ಆ ಪ್ರಾಂತದ ಹೆಸರನ್ನೇ ಪಡೆದ ತಳಿಯ ಚರಿತ್ರೆಯು ದನ ಸಾಕುವವರೆಲ್ಲರೂ ತಿಳಿಯತಕ್ಕದ್ದಾಗಿದೆ.

ಸಫೊಕಿನ ಭೂಮಿಯಲ್ಲಿ ಬಹುಭಾಗವು ಭಾರವಾದ ಜೇಡಿಮಣ್ಣು. ಈ ಕುದುರೆಯ ಲಕ್ಷಣಗಳೆಲ್ಲವೂ ಆ ಮಣ್ಣಿಗೆ ಒಪ್ಪುವಂತಿವೆ. ಎತ್ತರವು ಹೆಗಲಿನ ಬಳಿ ಸುಮಾರು ೫ ಅಡಿ ೪ ಅಂಗುಲದಿಂದ ೫ ಅಡಿ ೮ ಅಂಗುಲ; ತೂಕವು ಸುಮಾರು ೯೦೦ರಿಂದ ೧,೦೦೦ ಕಿಲೋಗ್ರಾಂ. ಕೊರಳು ದಪ್ಪ, ಭುಜಗಳು ಬಲವಾದುವು, ಎದೆ ಅಗಲ, ಬೆನ್ನು ಗಿಡ್ಡ, ಕಾಲುಗಳು ಕುಳ್ಳು. ಇತರ ಕೆಲವು ಭಾರದ ಕುದುರೆಗಳಿಗಿರುವಂತೆ ಇದರ ಕಾಲುಗಳಲ್ಲಿ ಉದ್ದವಾದ ಕೂದಲಿಲ್ಲ. ಆದುದರಿಂದ ಕೆಸರು ಹೆಚ್ಚಾಗಿ ಮೆತ್ತಿಕೊಳ್ಳುವುದಿಲ್ಲ. ಬಣ್ಣವು ಕೆಂಗಂದು ಒಂದೇ. ಅದರಲ್ಲಿ ಏಳು ಛಾಯೆಗಳನ್ನು ಎಣಿಸುತ್ತಾರೆ. ಗುಣದಲ್ಲಿ ಸೌಮ್ಯ, ಎಳೆಯುವುದರಲ್ಲಿ ಹಟಗಾರ, ಮೇವಿನಲ್ಲಿ ಮಿತ. ಬೇಗನೆ ಕೆಲಸಕ್ಕೆ ಬಂದು ಬಹುಕಾಲ ಬಾಳುವುದೆಂದು ಇದು ಹೆಸರಾಗಿದೆ.

ಈಗ ಬದುಕಿರುವ ಸಫೊಕ್ ಕುದುರೆಗಳೆಲ್ಲವೂ ೧೭೬೮ರಲ್ಲಿ ಹುಟ್ಟಿದ ಒಂದೇ ಗಂಡುಕುದುರೆಯ ವಂಶದವು. ಅದು ಉಫರ್ಡ್ ಗ್ರಾಮದ ಕ್ರಿಸ್ಪ್ ಎಂಬಾತನದು. ೧೮೭೭ರಲ್ಲಿ ಸಾಕಣೆಗಾರರು ಸಂಘವನ್ನು ಕಟ್ಟಿದರು; ೧೮೮೦ರಲ್ಲಿ ಹರ್ಮನ್ ಬಿಡೆಲ್ ಸಿದ್ಧಪಡಿಸಿದ ಮೊದಲ ವಂಶಾವಳಿ ಪುಸ್ತಕವು ಪ್ರಕಟವಾಯಿತು.

ಈ ತಳಿಗೆ ಒಂದು ದೋಷವಿದ್ದಿತು: ಮೈಭಾರಕ್ಕೆ ತಕ್ಕಷ್ಟು ಗೊರಸು ದೊಡ್ಡದಾಗಿರಲಿಲ್ಲ. ಸಾಕಣೆಗಾರರು ದೋಷವನ್ನು ಮುಚ್ಚಿಡಲಿಲ್ಲ. ಪ್ರದರ್ಶನಗಳಲ್ಲಿ ಗೊರಸನ್ನೇ ಪರೀಕ್ಷಿಸಿ ಬಹುಮಾನ ಕೊಡುವ ಪ್ರತ್ಯೇಕ ಸ್ಪರ್ಧೆಗಳನ್ನು ಏರ್ಪಡಿಸಿದರು. ಕಾಲಕ್ರಮದಲ್ಲಿ ಯಾವ ಅಂಗಕ್ಕೆ ನಿಂದೆಯಿದ್ದಿತೋ ಅದಕ್ಕೇ ಹೊಗಳಿಕೆ ಬಂದಿತು.

ಆದರೆ ಎರಡನೆಯ ಮಹಾಯುದ್ಧದ ತರುವಾಯ ಟ್ರ್ಯಾಕ್ಟರುಗಳು ಹೆಚ್ಚಿ, ಕುದುರೆಗಳು ಲಾಯಗಳಿಂದ ಮರೆಯಾದುವು. ೧೯೬೬ರಲ್ಲಿ ದಾಖಲಾದ ಮರಿಗಳು ಒಂಬತ್ತು ಮಾತ್ರ. ಎರಡು ಶತಮಾನಗಳ ಸಂಪಾದನೆಯು ಸುಮಾರು ಇಪ್ಪತ್ತು ವರ್ಷಗಳಲ್ಲಿ ಕೈಜಾರುವಂತಾಯಿತು. ಉಳಿದ ಕೆಲವನ್ನು ಅಭಿಮಾನಿಗಳು ಕಾಪಾಡಿದುದರಿಂದ ತಳಿಯು ಇಂದಿಗೂ ಇದೆ. ಆದರೂ ಅಪಾಯದಿಂದ ಪಾರಾಗಿಲ್ಲ.

ಹಳ್ಳಿಕಾರ್ ಮತ್ತು ಅಮೃತಮಹಲ್ ದನಗಳನ್ನು ಸಾಕುವ ಗ್ರಾಮದ ಹಿರಿಯರೂ ಹಿಡುವಳಿದಾರರೂ ಇದರಿಂದ ಮೂರು ವಿಷಯಗಳನ್ನು ಗ್ರಹಿಸಬೇಕು:

(೧) ಜಾತ್ರೆಯಲ್ಲಿ ಕೊಳ್ಳುವಾಗ ಕೊಂಬಿಗೂ ಬಣ್ಣಕ್ಕೂ ಮಾರುಹೋಗದೆ, ಮೊದಲು ಗೊರಸನ್ನು ಎತ್ತಿ ನೋಡಬೇಕು. ಅದು ಗಟ್ಟಿಯಾಗಿ, ಕಪ್ಪಾಗಿ, ಸೀಳು ಕಿರಿದಾಗಿರಬೇಕು. ಬಳಿಕ ಕಲ್ಲುನೆಲದ ಮೇಲೆ ನಡೆಸಿ ಪರೀಕ್ಷಿಸಬೇಕು. ಬಹುಮಾನ ಕೊಡುವವರೂ ಇದನ್ನೇ ಅನುಸರಿಸುವುದು ಒಳ್ಳೆಯದು.

(೨) ಬೀಜದ ಹೋರಿಯ ತಂದೆತಾಯಿಗಳನ್ನೂ, ಅದಕ್ಕೆ ಹುಟ್ಟಿದ ಕರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದರ ಹೆಣ್ಣುಕರುಗಳು ಪ್ರಾಯಕ್ಕೆ ಬರುವ ಮೊದಲೇ ಹೋರಿಯನ್ನು ಬೇರೆ ಊರಿನ ಹೋರಿಯೊಡನೆ ಬದಲಾಯಿಸಬೇಕು. ಇಲ್ಲವಾದರೆ ರಕ್ತಸಂಬಂಧವು ಬೆರೆತು ತಳಿಯ ಕಸುವು ಕುಂದುವುದು.

(೩) ಉಳುಮೆಗೆ ಯಂತ್ರವನ್ನು ತಂದ ಮನೆಯವರೂ ಒಳ್ಳೆಯ ಹಸುವೊಂದನ್ನು ಕೈಬಿಡಬಾರದು. ಯಂತ್ರವು ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಅಳಿದ ತಳಿಯನ್ನು ಯಾವ ಸಂತೆಯಲ್ಲಿಯೂ ಕೊಳ್ಳಲಾಗದು.