ಹುಲ್ಲುಚಾವಣಿಯ ಕೆಳಗೆ ನಾಲ್ಕು ದಿನ

ಐರ್ಲೆಂಡಿಗೆ ಹೋಗುವವರಿದ್ದರೆ ಡಬ್ಲಿನ್ ಹೋಟೆಲಿನ ಒಂದೆರಡು ರಾತ್ರಿ ಉಳಿಸಿ, ಡೊನೆಗಾಲ್ ಕಡೆಯ ಹಳೆಯ ಹುಲ್ಲುಮನೆಯಲ್ಲಿ ತಂಗಿ. ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಇಂಥ ಮನೆಗಳಿಗೆ ಸುಣ್ಣ ಬಳಿದ ದಪ್ಪ ಕಲ್ಲುಗೋಡೆ, ಪುಟ್ಟ ಕಿಟಕಿ, ಮೇಲರ್ಧವನ್ನಷ್ಟೇ ತೆರೆದಿಡಬಹುದಾದ ಬಾಗಿಲು. ಅಟ್ಲಾಂಟಿಕ್ ಗಾಳಿಗೆ ಹಾರದಂತೆ ಚಾವಣಿಯನ್ನು ಹಗ್ಗಗಳಿಂದ ಬಿಗಿದು ಗೋಡೆಯ ಕಲ್ಲುಗೂಟಗಳಿಗೆ ಕಟ್ಟಿರುತ್ತಾರೆ. ಹೋದೊಡನೆ ಅದನ್ನೊಮ್ಮೆ ಕಣ್ತುಂಬ ನೋಡಿ. ಇಂಥದೇ ಮನೆಗಳನ್ನು ನೋಡಲು ಡೊನೆಗಾಲ್‌ನ ಗ್ಲೆನ್‌ಕಾಲಂಕಿಲ್‌ನಲ್ಲಿ 1967ರಲ್ಲಿ ತೆರೆದ ಜಾನಪದ ಗ್ರಾಮವೂ ಇದೆ.

ಒಲೆಯಲ್ಲಿ ಉರಿಯುವುದು ಸೌದೆಯಲ್ಲ, ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್. ನಿಧಾನವಾಗಿ ಹೊತ್ತಿಕೊಳ್ಳುತ್ತದೆ, ತಾಳ್ಮೆಯಿರಲಿ. ಅದರ ಹೊಗೆಯ ಕಂಪು ನನಗಂತೂ ಬಹಳ ಇಷ್ಟ. ಅಕ್ಕಿಬೇಳೆ ಮೊದಲೇ ಕೊಂಡಿಟ್ಟುಕೊಳ್ಳಿ. ಜುಲೈಯಲ್ಲೂ ಸ್ವೆಟರ್ ಬೇಕು.

ಒಂದನ್ನು ಮಾತ್ರ ಮರೆಯಬೇಡಿ: ತಲೆಯ ಮೇಲಿರುವುದು ಒಣಹುಲ್ಲು. ಮಲಗುವ ಮುನ್ನ ಒಲೆಯ ಮುಂದೆ ಜಾಲರಿ ಇಡಿ, ಮೇಣದಬತ್ತಿ ಆರಿಸಿ.